ಮೋರೇರ ಮನೆ ಒಡೆದವರು ಯಾರು?

ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಕಲ್ಲುಚಪ್ಪಡಿಯ ಗೋರಿಗಳಿವೆ. ಸುತ್ತ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ ಕಟ್ಟಿದವು. ಕೆಲವಕ್ಕೆ ದುಂಡನೆಯ ಕಿಂಡಿ ಬೇರೆ. ಹೊಸ ಶಿಲಾಯುಗ ಮುಗಿದು ಕಬ್ಬಿಣ ಬಳಕೆಗೆ ಬಂದ ಕಾಲದವು. ಜನ ಇವನ್ನು ಮೋರೇರ ಮನೆ ಅಂತಾರೆ. ಮೋರೇರು ಅಂದರೆ ಹಿಂದೊಮ್ಮೆ ಇದ್ದ ಕುಳ್ಳ ಜನವಂತೆ. ಬೇರೆ ಸೀಮೆಗಳಲ್ಲಿ ಇಂಥವೇ ಪಾಂಡವರ ಮನೆ. ಕುಳ್ಳರು ಕಟ್ಟಿದರು, ಪಾಂಡವರು ಕಟ್ಟಿದರು. ಬೆನ್ನು ಬಾಗಿಸಿ ಕಲ್ಲು ಎಳೆದ ನಮ್ಮಂಥವರೇ ಕಟ್ಟಿದರು ಅನ್ನೋ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ.

1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬ ಇವನ್ನು ಅಳೆದ, ಬರೆದ, ಜೇವರ್ಗಿಯಲ್ಲಿ ಅಗೆಸಿಯೂ ನೋಡಿದ. 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿ ಅವನ ಬರಹವನ್ನು ಅಚ್ಚು ಹಾಕಿತು. ಸಾಹೇಬನ ಕಣ್ಣಿಗೆ ಇವು ತನ್ನ ಕಡೆಯ ಗೋರಿಗಳ ಹಾಗೇ ಕಂಡವು. ಹಾಗಾಗಿ ಕಟ್ಟಿದವರು ಕೆಲ್ಟರೋ ಸಿಥಿಯನ್ನರೋ ಆದರು! ರುಂಡ ಒಂದು ಕಡೆ ಮುಂಡ ಒಂದು ಕಡೆ ಸಿಕ್ಕಾಗ ನರಬಲಿ ಎಂದ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ವೀಲರ್ ಅಗೆಸಿದಾಗ, ಹೆಣವನ್ನು ಮೊದಲು ಬೇರೆ ಕಡೆ ಬಿಟ್ಟು, ಆಮೇಲೆ ಎಲುಬು ಆರಿಸಿ ತಂದು ಗೋರಿಯಲ್ಲಿಡುವ ಪದ್ಧತಿ ಬೆಳಕಿಗೆ ಬಂತು. ಬೇರೆಯಾದ ತಲೆಯೆಲ್ಲ ಕಡಿದ ತಲೆಯೇ ಆಗಬೇಕಿಲ್ಲ.

ಆದರೂ ಟೇಲರನನ್ನು ನಾವು ಬೈಯುವುದಿಲ್ಲ. ಅವನು ಬರೆಯದಿದ್ದರೆ ಇಷ್ಟಾದರೂ ಎಲ್ಲಿ ಉಳಿಯುತ್ತಿತ್ತು? ನಮ್ಮ ಪಂಡಿತರು ಆಗ ಈ ಕಲ್ಲುಗಳ ಕಡೆ ತಿರುಗಿಯೂ ನೋಡಲಿಲ್ಲ. ಸತ್ತವರ ಎಲುಬು ಮೈಲಿಗೆ ತಾನೆ.

ನಾಡಿನ ತುಂಬ ಇಂಥ ಗೋರಿಗಳು ಹೊಲ ಹಸನು ಮಾಡುವಾಗ, ಜಲ್ಲಿಗೆ ಬಂಡೆ ಒಡೆಯುವಾಗ ಹೋಗಿವೆ. ಅರಿವಿಲ್ಲದ ಜನ ಹಾಳು ಮಾಡಿದರು ಅಂತ ಬರೆದುಬಿಡುವುದು ಸುಲಭ. ಸುತ್ತಿಗೆ ಹಿಡಿದವನ ಕೈ ಎಲ್ಲರಿಗೂ ಕಾಣುತ್ತದೆ. ಆ ದಿನದ ಕೂಲಿಗೆ ಒಡೆದವನಿಗೆ ಒಡೆಯದೆ ಇರುವ ಹಕ್ಕು ಎಲ್ಲಿತ್ತು? ಗುತ್ತಿಗೆ ಕೊಟ್ಟವನಿಗೆ ಓದು ಬರಹ ಬರುತ್ತಿತ್ತಲ್ಲ, ಅವನನ್ನು ಯಾರು ಕೇಳಿದರು?

ನಮ್ಮಲ್ಲೇ ಕೆಲವರು ಇನ್ನೊಂದು ಕೇಳುತ್ತಾರೆ: ಹೊಲಗೇರಿ, ಮಾದಿಗೇರಿಯ ಹೆಣ ಹೂಳೋಕೆ ಮೂರಡಿ ಆರಡಿ ಜಾಗ ಇಲ್ಲ, ಯಾವತ್ತೋ ಸತ್ತವರ ಗೋರಿ ಕಟ್ಕೊಂಡು ನಮಗೇನಾಗ್ಬೇಕು? ಇದು ತಳ್ಳಿಹಾಕುವ ಮಾತಲ್ಲ. ಮಸಣವಿಲ್ಲದ ಕೇರಿಗಳು ಇಂದಿಗೂ ಇವೆ. ಆದರೆ ಗೋರಿ ಅಳಿಸುವವನೂ ಮಸಣ ಒತ್ತುವರಿ ಮಾಡುವವನೂ ಆಡುವ ಮಾತು ಒಂದೇ: "ದಾಖಲೆ ಎಲ್ಲಿದೆ ತೋರ್ಸು." ಸುಮಾರು 400 ಗೋರಿಗಳಿರುವ ಗಂಗಾವತಿ ಬಳಿಯ ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಸಂತೋಷವೇ. ಪಟ್ಟಿಗೆ ಸೇರದ ಗೋರಿ ಬರೀ ಬಂಡೆ. ಕೇರಿಯವರು ತಲೆತಲಾಂತರದಿಂದ ಹೂಳುತ್ತ ಬಂದ ನೆಲ ಕಾಗದದಲ್ಲಿ ಬರೀ ಖರಾಬು.

ಯಾವ ಕಲ್ಲಿನ ಕೆಳಗೆ ಯಾರಿದ್ದಾರೆ ಅನ್ನೋದು ಕೇರಿಯ ಮುದುಕರಿಗೆ ಗೊತ್ತು. ಅದನ್ನು ಬರೆದುಕೊಳ್ಳೋಕೆ ತಲಾಟಿ ಬರುವುದಿಲ್ಲ. ಟೇಲರನ ಬರಹದಲ್ಲಿ ಜೇವರ್ಗಿಯ ಅಳತೆಗಳಿವೆ. ನಾವು ಬರೆಯುವಾಗ ಅಳತೆಯೂ ಇರಲಿ, ಗುಂಡಿ ತೋಡಿದವರ ಹೆಸರೂ ಇರಲಿ.