ಮನೆಯೊಳಗಿನ ಪ್ರಸಾದ

ಪ್ರಸಾದವೆಂದರೆ ಎಡೆಯಲ್ಲಿ ಬಡಿಸಿದ ಪದಾರ್ಥವೆಂದಷ್ಟೇ ತಿಳಿದವರು ಬಹುಮಂದಿ. ಉಣ್ಣುವ ಅನ್ನವು ಪ್ರಸಾದವಾಗುವುದು ಅದನ್ನು ಲಿಂಗಕ್ಕೆ ಅರ್ಪಿಸಿ, ಬಂದುದನ್ನು ಬಂದಂತೆ, ರುಚಿ ಅರುಚಿಗಳ ಭೇದವನ್ನೆಣಿಸದೆ ಕೈಕೊಂಡಾಗ. ಇದು ಅನ್ನದ ಮಾತಾಯಿತು. ಆದರೆ ಗೃಹಸ್ಥನ ಕೈಗೆ ಬರುವುದು ಅನ್ನವೊಂದೇ ಅಲ್ಲವಷ್ಟೆ? ಮಕ್ಕಳೂ ಬರುತ್ತಾರೆ. ಬಡಿಸಿದ ಎಡೆಯ ಮುಂದೆ ಕುಳಿತು, ಇದಲ್ಲ, ಇನ್ನೊಂದು ಬರಲಿ ಎಂದು ಅಡಿಗೆಮನೆಯ ಕಡೆಗೆ ನೋಡುವವನನ್ನು ಯಾರೂ ಪ್ರಸಾದಿಯೆನ್ನರು. ಮಕ್ಕಳ ವಿಷಯದಲ್ಲಿ ಹಾಗೆ ನೋಡುವವರನ್ನು ಮಾತ್ರ ಲೋಕವು ಕನಿಕರದಿಂದ ಕಾಣುತ್ತದೆ. ಇದು ವಿಚಾರಮಾಡತಕ್ಕ ಸಂಗತಿ.

ಧಾರವಾಡ ಸೀಮೆಯ ಒಂದು ಮನೆ. ಸದ್ಭಕ್ತರ ಮನೆ. ವೃದ್ಧೆಯಾದ ತಾಯಿ, ಮಗ, ಸೊಸೆ, ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಿಗೆ ಎಂಟು ವರ್ಷ, ಕಿರಿಯವಳಿಗೆ ನಾಲ್ಕು. ಬೆಳಗ್ಗೆ ತಂದೆಯು ಪೂಜೆಗೆ ಕುಳಿತನೆಂದರೆ ಕಿರಿಯವಳು ನಿದ್ದೆಗಣ್ಣಿನಲ್ಲಿಯೇ ಎದ್ದುಬಂದು ಅವನ ಮಗ್ಗುಲಿಗೆ ಕೂಡುತ್ತಾಳೆ. ತಂದೆಯ ಎಡಗೈಯಲ್ಲಿ ಇಷ್ಟಲಿಂಗ. ಅವಳೂ ತನ್ನ ಎಡಗೈಯನ್ನು ಚಾಚಿ, ಅಂಗೈಯಲ್ಲೊಂದು ಹುಣಸೆಬೀಜವನ್ನಿಟ್ಟುಕೊಂಡು ಎವೆಯಿಕ್ಕದೆ ನೋಡುತ್ತಾಳೆ. ಎವೆಯಿಕ್ಕದೆ ಎಂದರೆ ಅರ್ಧ ನಿಮಿಷ. ಅಷ್ಟರಲ್ಲಿ ಬೆಕ್ಕು ಬರುತ್ತದೆ, ಬೀಜ ಉರುಳುತ್ತದೆ. ವಿಭೂತಿಯನ್ನು ಮೂರು ಬೆರಳಿನಿಂದ ಧರಿಸಬೇಕೆಂದು ಎಷ್ಟು ಸಲ ಹೇಳಿಕೊಟ್ಟರೂ ಅವಳ ಹಣೆಯ ಮೇಲೆ ಐದು ಬೆರಳೂ ಓಡಾಡಿ, ಮೂಗಿನ ತುದಿಯೂ ಬೆಳ್ಳಗಾಗುತ್ತದೆ. ಪೂಜೆಗೆ ಭಂಗವಾಯಿತೆಂದು ಸಿಡುಕುವ ತಂದೆಗಳುಂಟು. ಈ ತಂದೆಯು ಸಿಡುಕುವುದಿಲ್ಲ.

ಒಳಗೆ ತಾಯಿ ರೊಟ್ಟಿ ಬಡಿಯುವ ಸಪ್ಪಳ. ಮಕ್ಕಳಿಬ್ಬರಿಗೂ ಹಿಟ್ಟಿನ ಒಂದೊಂದು ಪುಟ್ಟ ಉಂಡೆ ಸಿಕ್ಕಲೇಬೇಕು. ಅವರು ತಟ್ಟಿದ್ದಕ್ಕೆ ಆ ಮನೆಯಲ್ಲಿ ಗುಬ್ಬಿರೊಟ್ಟಿಯೆಂದು ಹೆಸರು. ಅದು ದುಂಡಗಿರುವುದಿಲ್ಲ, ಬಿಳಿದಾಗಿಯೂ ಇರುವುದಿಲ್ಲ. ಒಂದು ಕಡೆ ಹಸಿ, ಒಂದು ಕಡೆ ಕರಕು. ಉಣ್ಣುವಾಗ ಅದು ತಂದೆಯ ಎಡೆಯಲ್ಲಿ ಮೊದಲು ಬೀಳಬೇಕು, ಅವನು ಪೂರ್ತಿ ತಿನ್ನಬೇಕು, ಇನ್ನೊಂದು ಬೇಕೆಂದು ಕೇಳಬೇಕು. ಅನಂತರ ಹಿರಿಯವಳು ತಂಗಿಯ ತಲೆ ಬಾಚಿ ಜಡೆ ಹೆಣೆಯುತ್ತಾಳೆ. ಒಂದು ಜಡೆ ಮೇಲೆ, ಒಂದು ಕೆಳಗೆ. ತಂದೆಯು ಇಬ್ಬರನ್ನೂ 'ಬಾ ಯವ್ವಾ' ಎಂದೇ ಕರೆಯುತ್ತಾನೆ.

ಹೆತ್ತವನು ಮಗಳನ್ನು ಅವ್ವನೆಂದು ಕರೆಯುವ ಈ ನುಡಿಯು ಬರಿಯ ಮುದ್ದಿನ ಮಾತೆಂದು ತಿಳಿಯಲಾಗದು. ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳನ್ನು ನೆನೆದು ನೋಡಬೇಕು: ಲಕ್ಕಮ್ಮ, ನೀಲಮ್ಮ, ಸತ್ಯಕ್ಕ, ನಾಗಮ್ಮ. ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಮಹಾದೇವಿಯು ವಯಸ್ಸಿನಲ್ಲಿ ಎಳೆಯಳು. ಆಕೆಯನ್ನು ಅನುಭಾವಿಗಳಾದ ಹಿರಿಯರೇ ಅಕ್ಕನೆಂದರು. ಆ ಕರೆಯು ಊರೂರಿನ ಮನೆಮಾತಾಗಿ ಉಳಿದಿದೆ. ಆದರೆ ಕರೆಯುವ ಬಾಯಿಗೆ ಅದರ ಭಾರವು ಯಾವಾಗಲೂ ತಿಳಿದಿರುವುದಿಲ್ಲ.

ಒಂದು ಸಂಜೆ ಕಟ್ಟೆಯ ಮೇಲೆ ಅಜ್ಜಿಯು ಪರವೂರಿನಿಂದ ಬಂದ ಬೀಗಿತ್ತಿಯೊಡನೆ ಮಾತನಾಡುತ್ತ ಕುಳಿತಿದ್ದಳು. "ಎರಡೂ ಹೆಣ್ಣ ಅದಾವ ನೋಡ್ರಿ. ಒಂದರ ಗಂಡಾಗಿದ್ದರ ಸಾಕಿತ್ತು" ಎಂದಳು. ಆಕೆಯು ಕ್ರೂರಿಯಲ್ಲ. ಮೊಮ್ಮಕ್ಕಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ಎಚ್ಚರಿರುವವಳು ಆಕೆಯೇ. ಆದರೂ ಆ ಮಾತು ಬಂತು. ಬಾಗಿಲ ಹಿಂದೆ ಕುಂಟೆಬಿಲ್ಲೆಯಾಡುತ್ತಿದ್ದ ಹಿರಿಯವಳ ಕಿವಿಗೂ ಬಿತ್ತು. ಅವಳು ಆಗ ಏನೂ ಅನ್ನಲಿಲ್ಲ. ರಾತ್ರಿ ಎಲ್ಲರೂ ಉಣ್ಣಲು ಕುಳಿತಾಗ ತುತ್ತನ್ನು ಕೈಯಲ್ಲಿಯೇ ಹಿಡಿದು ಕೇಳಿದಳು: "ಅಪ್ಪಾ, ನಾವಿಬ್ಬರೂ ಸಾಲಂಗಿಲ್ಲೇನು?"

ಮಕ್ಕಳ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವವರು ಬಾಲಕ ಬಸವಣ್ಣನ ಕಥೆಯನ್ನು ನೆನೆಯಬೇಕು. ಉಪನಯನದ ಸಿದ್ಧತೆ ನಡೆದಾಗ, ಅಕ್ಕ ನಾಗಮ್ಮನಿಗಿಲ್ಲದ ಜನಿವಾರವು ತನಗೇಕೆಂದು ಅವನು ಕೇಳಿದನೆಂದು ಪರಂಪರೆಯು ಹೇಳುತ್ತದೆ. ಆ ಪ್ರಶ್ನೆಯೂ ಹುಟ್ಟಿದ್ದು ಮನೆಯೊಳಗೇ. ಅಕ್ಕ ತಮ್ಮಂದಿರು ಒಂದೇ ಅಂಗಳದಲ್ಲಿ ಆಡುವಾಗ. ಉತ್ತರ ಕೊಡಲಾರದ ಮನೆಯನ್ನು ಅವನು ಬಿಟ್ಟು ನಡೆದನು.

ಇನ್ನೂ ಒಂದು ಮಾತು. ವೀರಶೈವರಲ್ಲಿ ಶಿಶುವು ಗರ್ಭದಲ್ಲಿರುವಾಗಲೇ, ಎಂಟನೆಯ ತಿಂಗಳಲ್ಲಿ, ಅದಕ್ಕೆ ಲಿಂಗಧಾರಣೆ ಮಾಡುವ ಸಂಪ್ರದಾಯವುಂಟು. ಗುರುವು ಲಿಂಗವನ್ನು ಕೊಡುವುದು ಇನ್ನೂ ಕಾಣದ ಜೀವಕ್ಕೆ. ಅದು ಗಂಡೋ ಹೆಣ್ಣೋ ಅವನು ಕೇಳುವುದಿಲ್ಲ. ಕೇಳುವ ಅಗತ್ಯವೇ ಅವನಿಗಿಲ್ಲ, ಒಳಗಿರುವ ಆತ್ಮಕ್ಕೆ ಆ ಗುರುತುಗಳಿಲ್ಲವೆಂದು ಶರಣರು ಸಾರಿದ್ದಾರಾದ್ದರಿಂದ. ಗುರುವು ಕೇಳದುದನ್ನು ಯಂತ್ರದಿಂದ ಕೇಳಿ ತಿಳಿಯುವ ಆತುರವು ಜನರಲ್ಲಿ ಬೆಳೆದುದರಿಂದಲೇ ೧೯೯೪ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬೇಕಾಯಿತು. ೨೦೦೫ರಲ್ಲಿ ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹಕ್ಕೆಂದು ಶಾಸನವಾಯಿತು. ಇಷ್ಟಾಗಿಯೂ ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದವರೆಗಿನ ಮಕ್ಕಳನ್ನು ಎಣಿಸಿದಾಗ ೧೦೦೦ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ ೯೫೦ನ್ನೂ ಮುಟ್ಟಲಿಲ್ಲ. ಲಿಂಗವಂತರೆಂದು ಹೇಳಿಕೊಳ್ಳುವ ಮನೆಗಳು ಈ ಲೆಕ್ಕದ ಹೊರಗಿವೆಯೆಂದು ಎದೆಮುಟ್ಟಿ ಹೇಳಬಲ್ಲವರು ಯಾರು?

ತಂದೆಯು ಮಗಳಿಗೆ ಕೂಡಲೇ ಉತ್ತರ ಕೊಡಲಿಲ್ಲ. ಬೆಳಗಿನ ಗುಬ್ಬಿರೊಟ್ಟಿಯೊಂದು ಬುಟ್ಟಿಯಲ್ಲಿ ಉಳಿದಿತ್ತು, ಒಣಗಿ ಬಿರುಸಾಗಿತ್ತು. ಅದನ್ನು ತೆಗೆದು ಮುರಿದು, ಅರ್ಧವನ್ನು ತನ್ನ ಎಡೆಯಲ್ಲಿಟ್ಟುಕೊಂಡು, ಇನ್ನರ್ಧವನ್ನು ತಾಯಿಯ ಮುಂದೆ ಹಿಡಿದು ಮೆಲ್ಲಗೆ ಕೇಳಿದನು: "ಯವ್ವಾ, ಎಂಟನೇ ತಿಂಗಳದಾಗ ಅಯ್ಯನವರನ್ನ ಕರೆಸಿದಾಕಿ ನೀನ ಅಲ್ಲೇನು? ಗಂಡೋ ಹೆಣ್ಣೋ ಅಂತ ಕೇಳಿ ಲಿಂಗಾ ಕೊಟ್ಟರೇನು ಅವರು?"

ಮುದುಕಿಯು ಬಹಳ ಹೊತ್ತು ಸುಮ್ಮನಿದ್ದಳು. ಎರಡು ಬಾಣಂತನಗಳಲ್ಲಿಯೂ ಅಯ್ಯನವರ ಪಾದಕ್ಕೆ ನೀರೆರೆದ ಕೈ ಅದು. ಆ ಕೈಯನ್ನೊಡ್ಡಿ ರೊಟ್ಟಿಯ ಚೂರನ್ನು ತೆಗೆದುಕೊಂಡಳು. ಹಲ್ಲಿಲ್ಲದ ಬಾಯಿಗೆ ಅದು ಸುಲಭವಾಗಲಿಲ್ಲ. ಸಾರಿನಲ್ಲಿ ನೆನೆಯಿಸಿ ನೆನೆಯಿಸಿ ತಿಂದಳು. ಹಿರಿಯವಳು ಅಷ್ಟು ಹೊತ್ತೂ ಆಕೆಯ ಬಾಯನ್ನೇ ನೋಡುತ್ತಿದ್ದಳು.

ಆಕೆಯ ಮನಸ್ಸು ಒಂದೇ ರಾತ್ರಿಯಲ್ಲಿ ತಿರುಗಿತೆಂದು ಹೇಳಿದರೆ ಅದು ಪುರಾಣವಾದೀತು. ಬೀಗಿತ್ತಿಯು ಮತ್ತೆ ಬಂದಾಗ ಏನಂದಳೋ! ಆದರೆ ಮರುದಿನ ಬೆಳಗ್ಗೆ ಕಿರಿಯವಳು ಹುಣಸೆಬೀಜವನ್ನು ಹಿಡಿದು ಬಂದಾಗ ಅಜ್ಜಿಯೇ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಆ ಪುಟ್ಟ ಕೈಯ ಮೂರು ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು, ಅವಳ ಹಣೆಯ ಮೇಲೆ ವಿಭೂತಿಯನ್ನು ನೆಟ್ಟಗೆ ಎಳೆಯಿಸಿದಳು. ಮಗುವು ತನ್ನ ಬಟ್ಟೆಯ ಗೊಂಬೆಗೂ ಹಚ್ಚಬೇಕೆಂದು ಹಠ ಹಿಡಿಯಿತು. ಅಜ್ಜಿಯು ಅದಕ್ಕೂ ಹಚ್ಚಿದಳು.