ಕೇಳದೆ ಪಡೆದ ದಾನ

ದೇಹದಾನದ ಅರ್ಜಿಯೊಂದು ಎರಡು ತಿಂಗಳಿಂದ ನನ್ನ ಮೇಜಿನ ಮೇಲಿದೆ. ಅರ್ಜಿ ಮಲಯಾಳದಲ್ಲಿದೆ. ಕನ್ನಡ ಶಾಲೆಯಲ್ಲಿ ಕಲಿತ ನನ್ನ ಹೆಂಡತಿಗೆ ಅದನ್ನು ನಾನೇ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದೆ. ಎಲ್ಲ ಕೇಳಿದ ಮೇಲೆ ಅವಳದು ಒಂದೇ ಪ್ರಶ್ನೆ: "ಹಾಗಾದರೆ ನಾವು ಬೂದಿ ಮುಚ್ಚುವುದು ಎಲ್ಲಿ?"

ಇಂಥಲ್ಲಿ ದಧೀಚಿಯ ಹೆಸರೆತ್ತುವುದು ವಾಡಿಕೆ. ನಾನೂ ಎತ್ತಿದೆ. ಅವಳಿಗೆ ನನಗಿಂತ ಹೆಚ್ಚು ಪುರಾಣ ಗೊತ್ತು. ಗಂಡನ ಎಲುಬು ಒಯ್ದ ದೇವತೆಗಳನ್ನು ಸುವರ್ಚೆ ಶಪಿಸಿದ ಕಥೆ ಶಿವಪುರಾಣದಲ್ಲಿದೆಯಲ್ಲ, ಅದನ್ನು ನೆನಪಿಸಿದಳು. ನಾನು ಸುಮ್ಮನಾದೆ.

ಆದರೂ ದೇವತೆಗಳು ದಧೀಚಿಯನ್ನಾದರೂ ಕೇಳಿದ್ದರು. ವೈದ್ಯಕೀಯ ಕಾಲೇಜುಗಳ ಮೇಜಿನ ಮೇಲೆ ಬಹುಕಾಲ ಮಲಗಿದವರನ್ನು ಕೇಳಿದವರೇ ಇಲ್ಲ. 1832ರ ಇಂಗ್ಲೆಂಡಿನ ಕಾಯಿದೆ ಅನಾಥಾಲಯದ ಬಡವರ ಹೆಣಗಳನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿತು. ನಮ್ಮ ಗಡಿಯ ಆಚೆಗೂ ಈಚೆಗೂ ಇರುವ 1957ರ ಅನಾಟಮಿ ಕಾಯಿದೆಗಳೂ ವಾರಸುದಾರರಿಲ್ಲದ ದೇಹಗಳನ್ನು ಕಾಲೇಜಿಗೆ ಕೊಡುವ ದಾರಿ ತೆರೆದವು. ಅಲ್ಲಿ ಮೌನವೇ ಸಮ್ಮತಿ.

ಕಾಸರಗೋಡಿನವರು ಕಾಯಿಲೆ ಜೋರಾದರೆ ಮಂಗಳೂರಿಗೆ ಓಡುವವರು. 2020ರಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಆ ಅವಲಂಬನೆ ಎಷ್ಟೆಂದು ಅರಿವಾಯಿತು. ನನ್ನ ಹೊಟ್ಟೆಯ ಶಸ್ತ್ರಕ್ರಿಯೆ ಆದದ್ದೂ ಅಲ್ಲೇ. ಆ ವೈದ್ಯರ ಕೈ ಮೊದಲು ಪಳಗಿದ್ದು ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ ಸತ್ತ ಹೆಸರಿಲ್ಲದವನ ಮೇಲಿರಬಹುದು. ಫಾರ್ಮಲಿನ್ ತುಂಬಿಸಿಕೊಂಡು ಅವನು ವರ್ಷಗಟ್ಟಲೆ ಮಲಗಿದ್ದಿರಬಹುದು. ಅವನಿಗೆ ಬೂದಿ ಮುಚ್ಚಿದವರು ಯಾರು? ಈ ಋಣ ನನ್ನನ್ನು ಕಾಡುತ್ತದೆ. ನನ್ನಂಥ ಮನೆಮಾರು ಇರುವವರು ದೇಹ ಕೊಟ್ಟರೆ ಅಂಥವರ ಮೇಲಿನ ಹೊರೆಯಾದರೂ ಇಳಿದೀತು.

ಇಷ್ಟು ಯೋಚಿಸಿದ ಮೇಲೂ ಕೈ ತಡೆಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಕಮ್ಯುನಿಸ್ಟ್ ಹಿರಿಯ ಎಂ. ಎಂ. ಲಾರೆನ್ಸ್ ಅವರ ದೇಹದ ಬಗ್ಗೆ ಮಕ್ಕಳಲ್ಲೇ ಭಿನ್ನಮತ ಬಂದು ಕೇರಳ ಹೈಕೋರ್ಟು ತೀರ್ಪು ಕೊಡಬೇಕಾಯಿತು. ದೇಹ ಕಾಲೇಜಿಗೇ ಹೋಯಿತು. ಸತ್ತವನ ಮಾತು ನಡೆಯಲೇಬೇಕು ಎಂದು ಆಗ ಜಗಲಿಯಲ್ಲಿ ಕೂತು ವಾದಿಸಿದವನು ನಾನು. ಈಗ ಅಷ್ಟು ಧೈರ್ಯವಿಲ್ಲ. ಕೇಳದೆ ತೆಗೆದುಕೊಳ್ಳುವುದೇ ತಪ್ಪೆಂದು ಹೊರಟವನು, ಐವತ್ತು ವರ್ಷ ಜೊತೆಗೆ ಬಾಳಿದವಳ ಒಪ್ಪಿಗೆಯಿಲ್ಲದೆ ಅವಳ ಕೈಯಿಂದ ಆ ಬೂದಿಯನ್ನು ತೆಗೆದುಕೊಳ್ಳಲೇ?

ನೇತ್ರದಾನದ ಕಾಗದಕ್ಕೆ ಅವಳು ಕೂಡಲೇ ರುಜು ಹಾಕಿದಳು. ಸತ್ತ ಆರು ಗಂಟೆಯೊಳಗೆ ಬಂದು ತೆಗೆದುಕೊಂಡರೆ ಉಳಿದದ್ದು ಮನೆಯಲ್ಲೇ ಇರುತ್ತದಲ್ಲ. ಇನ್ನೊಂದರ ಬಗ್ಗೆ, "ಮಳೆಗಾಲ ಕಳೆಯಲಿ" ಎಂದಿದ್ದಾಳೆ. ಅರ್ಜಿಯನ್ನು ಮಡಚಿ ಪಂಚಾಂಗದೊಳಗೆ ಇಟ್ಟಿದ್ದೇನೆ.