ಉಪವಾಸ ಮತ್ತು ಹಸಿವು: ಅಮೆರಿಕದ ನಗರಗಳಲ್ಲಿ ಕಾರಿಲ್ಲದವರು

ಉಪವಾಸ ಬೇರೆ, ಹಸಿವು ಬೇರೆ. ಇದನ್ನು ನಮಗೆ ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ಏಕಾದಶಿ ದಿನ ಊಟ ಬಿಟ್ಟವನ ಹೊಟ್ಟೆಯೂ ಖಾಲಿ, ಕೂಲಿ ಸಿಗದೆ ಬರಿಗೈಲಿ ಬಂದವನ ಹೊಟ್ಟೆಯೂ ಖಾಲಿ. ಆದರೆ ಮೊದಲನೆಯವನಿಗೆ ಪುಣ್ಯ ಬರುತ್ತೆ, ಎರಡನೆಯವನಿಗೆ ಸೋಮಾರಿ ಅನ್ನೋ ಹೆಸರು ಬರುತ್ತೆ. ಅಮೆರಿಕದ ನಗರಗಳಲ್ಲಿ ಕಾರಿಲ್ಲದೆ ಬದುಕುವ ಪ್ರಶ್ನೆಯನ್ನು ನಾವು ಇಲ್ಲಿಂದಲೇ ಶುರು ಮಾಡಬೇಕು.

ಕಾರು ಬಿಟ್ಟು ಬದುಕುವುದೇ ಸರಿಯಾದ ಬದುಕು ಅಂತ ಹೇಳುವ ಜನ ಈಗ ಅಲ್ಲಿದ್ದಾರೆ. ಸೈಕಲ್ ತುಳಿಯುತ್ತಾರೆ, ನಡೆಯುತ್ತಾರೆ, ಭೂಮಿಯನ್ನು ಸುಡುವ ಪಾಪದಲ್ಲಿ ನಮಗೆ ಪಾಲು ಬೇಡ ಅನ್ನುತ್ತಾರೆ. ಅವರ ಪ್ರಾಮಾಣಿಕತೆಯನ್ನು ನಾವು ಅನುಮಾನಿಸುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಕಾರಿಲ್ಲ. ಅಲ್ಲಿ ನೆಲದಡಿಯ ರೈಲು ಹಗಲೂ ರಾತ್ರಿ ಓಡುತ್ತೆ, ಕಾರಿಲ್ಲ ಅಂದರೆ ಯಾರೂ ಕೀಳಾಗಿ ನೋಡುವುದಿಲ್ಲ. ಆದರೆ ಇಡೀ ದೇಶದ ಲೆಕ್ಕ ಹಿಡಿದರೆ ಕಾರಿಲ್ಲದ ಮನೆಗಳು ನೂರಕ್ಕೆ ಎಂಟರಷ್ಟು ಮಾತ್ರ. ಈ ಎಂಟರಲ್ಲಿ ಕಾರು ಬೇಡ ಅಂದವರೆಷ್ಟು, ಕಾರು ದಕ್ಕದವರೆಷ್ಟು? ಬಿಳಿಯರ ಮನೆಗಳಿಗಿಂತ ಕರಿಯರ ಮನೆಗಳಲ್ಲಿ ಕಾರಿಲ್ಲದ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು ಅನ್ನೋದೇ ಅರ್ಧ ಉತ್ತರ.

ಇನ್ನರ್ಧ ಉತ್ತರ ಕೂಲಿಯ ಲೆಕ್ಕದಲ್ಲಿದೆ. ಅಲ್ಲಿನ ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಿಸುತ್ತವೆ. ಟೆಕ್ಸಾಸ್, ಲೂಸಿಯಾನ, ಜಾರ್ಜಿಯಾಗಳಲ್ಲಿ ಇದೇ ಗತಿ. ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ಒಂದು ದಿನವೂ ತಪ್ಪದೆ ದುಡಿದರೆ ಸಿಗೋದು 15,080 ಡಾಲರ್. ಹೊಸ ಕಾರೊಂದನ್ನು ಇಟ್ಟುಕೊಳ್ಳೋಕೆ ಸಾಲದ ಬಡ್ಡಿ, ವಿಮೆ, ಪೆಟ್ರೋಲು, ರಿಪೇರಿ, ಸವಕಳಿ ಎಲ್ಲ ಸೇರಿ ವರ್ಷಕ್ಕೆ ಸುಮಾರು ಹನ್ನೆರಡು ಸಾವಿರ ಡಾಲರ್ ಬೇಕು. ಹಾಗಾಗಿ ಬಡವ ಹಳೇ ಕಾರು ಕೊಳ್ಳುತ್ತಾನೆ. ಅದು ಒಂದು ದಿನ ನಡುರಸ್ತೆಯಲ್ಲಿ ನಿಂತುಬಿಡುತ್ತೆ. ಕಾರು ನಿಂತರೆ ಕೆಲಸ ಹೋಯಿತು, ಕೆಲಸ ಹೋದರೆ ಕಾರು ರಿಪೇರಿ ಇಲ್ಲ.

ನಡೆದುಕೊಂಡು ಹೋಗಬಹುದಲ್ಲ ಅಂತ ಕೇಳಬಹುದು. ಹ್ಯೂಸ್ಟನ್, ಫೀನಿಕ್ಸ್, ಅಟ್ಲಾಂಟಾದಂಥ ಊರುಗಳು ಬೆಳೆದಿರುವುದೇ ಕಾರಿನ ಅಳತೆಗೆ. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ, ಕೆಲಸ ಮತ್ತೊಂದು ಕಡೆ. ನಡುವೆ ಆರೆಂಟು ಸಾಲು ವಾಹನ ಹರಿಯುವ ರಸ್ತೆಗಳು. ಎಷ್ಟೋ ಕಡೆ ಫುಟ್‌ಪಾತೇ ಇಲ್ಲ. ಬಸ್ ಸ್ಟಾಪು ಅಂದರೆ ಬಿಸಿಲಲ್ಲಿ ನೆಟ್ಟ ಒಂದು ಕಂಬ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ಮುಟ್ಟಿತು ಇಲ್ಲವೇ ದಾಟಿತು. ಆ ಕಂಬದ ಕೆಳಗೆ ನಿಂತವರು ಯಾವ ಆದರ್ಶಕ್ಕೂ ನಿಂತವರಲ್ಲ.

ಇದು ದೇವರು ಮಾಡಿದ್ದಲ್ಲ, ಮನುಷ್ಯರು ಮಾಡಿದ್ದು. 1956ರ ಹೆದ್ದಾರಿ ಕಾನೂನು ಖರ್ಚಿನ ನೂರಕ್ಕೆ ತೊಂಬತ್ತು ಪಾಲನ್ನು ಕೇಂದ್ರದಿಂದಲೇ ಕೊಟ್ಟಿತು. ಆ ಹೆದ್ದಾರಿಗಳು ಬಿಳಿಯರನ್ನು ಹೊರವಲಯದ ತೋಟದ ಮನೆಗಳಿಂದ ಆಫೀಸಿಗೆ ತಂದವು. ಅದಕ್ಕೆ ಎದೆ ಸೀಳಿಸಿಕೊಂಡಿದ್ದು ಯಾರ ಕೇರಿ? ಸೇಂಟ್ ಪಾಲ್‌ನ ರಾಂಡೋ, ಮಯಾಮಿಯ ಓವರ್‌ಟೌನ್, ನ್ಯೂ ಆರ್ಲಿಯನ್ಸ್‌ನ ಕ್ಲೇಬರ್ನ್ ಬೀದಿ. ಎಲ್ಲವೂ ಕರಿಯರು ಅಂಗಡಿ, ಚರ್ಚು, ಸಂಗೀತ ಕಟ್ಟಿಕೊಂಡು ಬಾಳಿದ ಜಾಗಗಳು. ಮನೆ ಕಳೆದುಕೊಂಡವನ ತಲೆ ಮೇಲೇ ಇನ್ನೊಬ್ಬನ ಕಾರು ಓಡಿತು.

ಅಟ್ಲಾಂಟಾದ ಕಥೆ ನಮಗೆ ಇನ್ನೂ ಬೇಗ ಅರ್ಥವಾಗುತ್ತೆ. 1971ರಲ್ಲಿ ಮಾರ್ಟಾ ಅನ್ನೋ ಬಸ್ಸು-ರೈಲಿನ ವ್ಯವಸ್ಥೆಗೆ ಸೇರಬೇಕೋ ಬೇಡವೋ ಅಂತ ಜನರ ಮತ ಕೇಳಿದರು. ಬಿಳಿಯರೇ ತುಂಬಿದ್ದ ಕ್ಲೇಟನ್, ಗ್ವಿನೆಟ್ ಕೌಂಟಿಗಳು ಬೇಡ ಅಂದವು. ತೆರಿಗೆಯ ಮಾತೂ ಇತ್ತು. ಅದರ ಹಿಂದೆ, ಬಸ್ಸಿನ ಜೊತೆ ಕರಿಯರೂ ಬಂದುಬಿಡುತ್ತಾರೆ ಅನ್ನೋ ಭಯವಿತ್ತು. ಕ್ಲೇಟನ್ ಕೊನೆಗೆ ಸೇರಿದ್ದು 2014ರಲ್ಲಿ, ಅದೂ ಆ ಕೌಂಟಿಯಲ್ಲಿ ಕರಿಯರೇ ಹೆಚ್ಚಾದ ಮೇಲೆ. ಕೇರಿಯ ಕೊಡ ಊರ ಬಾವಿಗೆ ಇಳಿಯಬಾರದು ಅಂದವರಿಗೂ, ಕರಿಯರ ಬಸ್ಸು ನಮ್ಮ ರಸ್ತೆಗೆ ಬರಬಾರದು ಅಂದವರಿಗೂ ಏನು ವ್ಯತ್ಯಾಸ?

ಇಂಥ ಊರಲ್ಲಿ ನಡೆಯುವುದೇ ಅಪರಾಧವಾಗುತ್ತೆ. 2010ರಲ್ಲಿ ಜಾರ್ಜಿಯಾದಲ್ಲಿ ಒಬ್ಬ ಕರಿಯ ತಾಯಿ ಮಕ್ಕಳ ಜೊತೆ ಬಸ್ಸಿಳಿದಳು. ಮನೆ ರಸ್ತೆಯ ಆಚೆ ಬದಿ. ದಾಟುವ ಪಟ್ಟೆ ಇದ್ದದ್ದು ಅರ್ಧ ಕಿಲೋಮೀಟರ್ ದೂರದಲ್ಲಿ. ಬಸ್ಸಿಳಿದ ಬೇರೆಯವರೂ ದಾಟಿದರು, ಅವಳೂ ದಾಟಿದಳು. ಕುಡಿದಿದ್ದ ಒಬ್ಬನ ಕಾರು ಗುದ್ದಿ ಅವಳ ಮಗ ಸತ್ತ. ಕಾರಿನವನಿಗೆ ಆರು ತಿಂಗಳ ಜೈಲು. 2011ರಲ್ಲಿ ಜ್ಯೂರಿ, ಕಾರೇ ಇಲ್ಲದ ಆ ತಾಯಿಯನ್ನೂ ವಾಹನದಿಂದಾದ ಸಾವಿನ ಅಪರಾಧಿ ಅಂತ ಹೇಳಿತು. ದೇಶದ ತುಂಬ ಕೂಗೆದ್ದ ಮೇಲೆ, 2013ರಲ್ಲಿ ರಸ್ತೆ ದಾಟಿದ ತಪ್ಪಿಗೆ ದಂಡ ಹಾಕಿ ಮುಗಿಸಿದರು. ಹೆತ್ತ ಹೊಟ್ಟೆಗೆ ಬೆಂಕಿ ಬಿದ್ದವಳಿಂದಲೇ ದಂಡ!

ಫರ್ಗುಸನ್‌ನಲ್ಲಿ 2014ರ ಆಗಸ್ಟ್ 9ರಂದು ಪೊಲೀಸನ ಗುಂಡಿಗೆ ಬಲಿಯಾದ ಮೈಕಲ್ ಬ್ರೌನ್‌ನನ್ನು ಆ ಪೊಲೀಸ ಮೊದಲು ತಡೆದದ್ದು ನಡುರಸ್ತೆಯಲ್ಲಿ ನಡೆದದ್ದಕ್ಕೆ. ಮುಂದಿನ ವರ್ಷ ಅಮೆರಿಕದ ನ್ಯಾಯ ಇಲಾಖೆಯೇ ತನಿಖೆ ಮಾಡಿ, ಆ ಊರಲ್ಲಿ ರಸ್ತೆಯಲ್ಲಿ ನಡೆದ ರೀತಿ ಸರಿಯಿಲ್ಲ ಅಂತ ಹಾಕಿದ ಕೇಸುಗಳಲ್ಲಿ ನೂರಕ್ಕೆ 95 ಕರಿಯರ ಮೇಲೆ ಅಂತ ವರದಿ ಕೊಟ್ಟಿತು.

2005ರ ಆಗಸ್ಟ್ 28ರಂದು, ಕತ್ರಿನಾ ಚಂಡಮಾರುತ ಬಂದಪ್ಪಳಿಸುವ ಹಿಂದಿನ ದಿನ, ಊರು ಬಿಟ್ಟು ಹೋಗಿ ಅಂತ ನ್ಯೂ ಆರ್ಲಿಯನ್ಸ್‌ನ ಮೇಯರ್ ಆಜ್ಞೆ ಹೊರಡಿಸಿದರು. ಕಾಲುಭಾಗಕ್ಕೂ ಹೆಚ್ಚು ಮನೆಗಳಲ್ಲಿ ಕಾರಿರಲಿಲ್ಲ. ಹೋಗಿ ಅಂದರೆ ಯಾವುದರಲ್ಲಿ? ನೂರಾರು ಶಾಲಾ ಬಸ್ಸುಗಳು ನಿಂತಲ್ಲೇ ಮುಳುಗಿದವು. ಆಮೇಲೆ ಟೀವಿ ಮುಂದೆ ಕೂತವರು ಕೇಳಿದ್ದು ಒಂದೇ ಪ್ರಶ್ನೆ: ಈ ಜನ ಯಾಕೆ ಊರು ಬಿಡಲಿಲ್ಲ? ಹಸಿದವನನ್ನು ಯಾಕೆ ಉಣ್ಣಲಿಲ್ಲ ಅಂತ ಕೇಳಿದ ಹಾಗೆ.

ಹಾಗಾದರೆ ಎಲ್ಲರಿಗೂ ಕಾರು ಕೊಡಿಸುವುದೇ ಬಿಡುಗಡೆಯೋ? ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಕಾರಿನ ಆಸೆಯನ್ನು ನಾವು ಹಗುರವಾಗಿ ಹಳಿಯುವಂತಿಲ್ಲ. ದಕ್ಷಿಣದ ರಾಜ್ಯಗಳ ಕರಿಯರಿಗೆ ಬಸ್ಸಿನಲ್ಲಿ ಹಿಂದಿನ ಸೀಟು, ರೈಲಿನಲ್ಲಿ ಬೇರೆ ಡಬ್ಬಿ. ಸ್ವಂತ ಕಾರಿನಲ್ಲಿ ಏಳು ಅನ್ನುವವರಿರಲಿಲ್ಲ. ಆದರೂ ದಾರಿಯಲ್ಲಿ ಎಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು ಅಂತ ತಿಳಿಯೋಕೆ ವಿಕ್ಟರ್ ಗ್ರೀನ್ ಅನ್ನೋ ಅಂಚೆಯಾಳು 1936ರಿಂದ ಒಂದು ಕೈಪಿಡಿಯನ್ನೇ ಪ್ರಕಟಿಸಬೇಕಾಯಿತು. ಬಾಲಕ ಅಂಬೇಡ್ಕರ್ ಮಸೂರ್ ರೈಲು ನಿಲ್ದಾಣದಲ್ಲಿ ಇಳಿದಾಗ ಜಾತಿ ತಿಳಿದ ಗಾಡಿಯವರು ಯಾರೂ ಬರಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು ಹುಡುಗರೇ ಗಾಡಿ ಹೊಡೆಯಬೇಕಾಯಿತು. ಗಾಡಿಯವನು ಮೈಲಿಗೆಗೆ ಹೆದರಿ ಪಕ್ಕದಲ್ಲಿ ನಡೆದ. ಇಂಥ ಅವಮಾನ ಉಂಡವರ ಮುಂದೆ ತ್ಯಾಗದ ಉಪದೇಶ ಮಾಡುವ ಹಕ್ಕು ಉಂಡು ತೇಗಿದವರಿಗಿಲ್ಲ.

ಆದರೆ ಒಬ್ಬೊಬ್ಬರಿಗೂ ಒಂದೊಂದು ಕಾರು ಅನ್ನೋದು ಸಾಲಗಾರರನ್ನು ಹೆಚ್ಚಿಸುತ್ತೆ, ರಸ್ತೆಯನ್ನು ಇನ್ನೂ ಅಗಲ ಮಾಡುತ್ತೆ. ಆ ಅಗಲದ ರಸ್ತೆ ದಾಟುವಾಗ ಸಾಯುವವನು ಮತ್ತೆ ಕಾರಿಲ್ಲದವನೇ. ಮಕ್ಕಳು, ಮುದುಕರು, ಕುರುಡರು ಯಾವತ್ತೂ ಕಾರು ನಡೆಸುವವರಲ್ಲ.

ಇದಕ್ಕೆ ಮಾಂಟ್‌ಗೊಮರಿಯ ಜನ ಬೇರೊಂದು ದಾರಿ ತೋರಿಸಿದ್ದರು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಸೀಟು ಬಿಟ್ಟೇಳದೆ ಬಂಧನಕ್ಕೆ ಒಳಗಾದರು. ಡಿಸೆಂಬರ್ 5ರಿಂದ 381 ದಿನ ಅಲ್ಲಿನ ಕರಿಯರು ಬಸ್ಸು ಹತ್ತಲಿಲ್ಲ. ಬಸ್ಸಿಗೆ ಮುಕ್ಕಾಲು ಪಾಲು ಕಾಸು ಹಾಕುತ್ತಿದ್ದವರು ಅವರೇ. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಕಾರಿದ್ದವರು ತಮ್ಮ ಕಾರನ್ನು ಎಲ್ಲರದ್ದು ಮಾಡಿದರು. ಸುಮಾರು ಮುನ್ನೂರು ಕಾರುಗಳು ಗೊತ್ತಾದ ಜಾಗಗಳಲ್ಲಿ ನಿಂತು ಜನರನ್ನು ಹತ್ತಿಸಿಕೊಂಡವು. ಪೊಲೀಸರು ದಂಡ ಹಾಕಿದರು, ವಿಮೆ ರದ್ದಾಯಿತು, ಕೋರ್ಟಿಗೆ ಎಳೆದರು. ಜನ ಜಗ್ಗಲಿಲ್ಲ. ಅವರ ನಡಿಗೆ ಉಪವಾಸವೂ ಅಲ್ಲ, ಹಸಿವೂ ಅಲ್ಲ. ಬಿಟ್ಟದ್ದು ಪುಣ್ಯಕ್ಕಲ್ಲ, ಪಡೆಯೋದಕ್ಕೆ.

ಆ ದಾರಿ ಅಲ್ಲಿಗೇ ಮುಗಿಯಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ 1994ರಲ್ಲಿ ಬಸ್ಸಿನ ಪ್ರಯಾಣಿಕರೇ ಸಂಘ ಕಟ್ಟಿಕೊಂಡು ಸಾರಿಗೆ ಸಂಸ್ಥೆಯ ಮೇಲೆ ದಾವೆ ಹೂಡಿದರು. ಬಡವರ ಬಸ್ಸಿನ ದರ ಏರಿಸಿ ಉಳ್ಳವರ ರೈಲಿಗೆ ದುಡ್ಡು ಸುರಿಯುವುದು ನಾಗರಿಕ ಹಕ್ಕುಗಳ ಉಲ್ಲಂಘನೆ ಅಂದರು. 1996ರಲ್ಲಿ ಸಂಸ್ಥೆ ಒಪ್ಪಂದಕ್ಕೆ ಬಂತು. ಹತ್ತು ವರ್ಷ ಆ ಒಪ್ಪಂದ ನಡೆಯಿತು, ಹೊಸ ಬಸ್ಸುಗಳು ಬಂದವು.

ಗೆಳೆಯರೇ, ನಮ್ಮ ಹುಡುಗರೂ ಅಮೆರಿಕಕ್ಕೆ ಓದೋಕೆ ಹೋಗುತ್ತಾರೆ. ಮೊದಲ ವರ್ಷ ಕಾರಿಲ್ಲದೆ, ಅಕ್ಕಿ ಚೀಲ ಹೊತ್ತು ಅದೇ ಕಂಬದ ಕೆಳಗೆ ಬಸ್ಸಿಗೆ ಕಾಯುತ್ತಾರೆ. ಕೆಲಸ ಸಿಕ್ಕಿದ ಮೇಲೆ ಕಾರು ಕೊಳ್ಳುತ್ತಾರೆ. ಕೊಳ್ಳಲಿ. ಆದರೆ ಪಕ್ಕದಲ್ಲಿ ನಿಂತಿದ್ದ ಕರಿಯ ಮುದುಕಿ ಇಪ್ಪತ್ತು ವರ್ಷದಿಂದ ಅಲ್ಲೇ ಯಾಕೆ ನಿಂತಿದ್ದಾಳೆ ಅಂತ ಕೇಳಿಕೊಳ್ಳಲಿ. ಕಾರು ಬಿಟ್ಟವನಿಗೂ ಇದೇ ನಮ್ಮ ಮಾತು. ನೀನು ಬಿಟ್ಟದ್ದು ಒಳ್ಳೆಯದೇ. ನಿನ್ನ ಪಕ್ಕದಲ್ಲಿ ನಿಂತವಳಿಗೆ ಬಸ್ಸು ಹೊತ್ತಿಗೆ ಸರಿಯಾಗಿ ಬರೋ ಹಾಗೆ ಮಾಡೋಕೆ ನೀನು ಅವಳ ಜೊತೆ ನಿಲ್ಲುತ್ತೀಯಾ?